ಓದುಗರ ಪ್ರಶ್ನೆ: ಊರೂರು ಸುತ್ತಬೇಕು, ಮೈ ಗಟ್ಟಿ ಇರಬೇಕು, ಪುಸ್ತಕವೂ ಮುಗಿಯಬೇಕು

ವ್ಯಾಯಾಮ, ತಿರುಗಾಟ, ಓದು ಮೂರನ್ನೂ ಹೇಗೆ ನಿಭಾಯಿಸುವುದು ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆಯ್ದುಕೊಂಡಿದ್ದೇವೆ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದವರು ಇಲ್ಲಿನ ವ್ಯಾಯಾಮ ಶುರು ಮಾಡುವ ಮುನ್ನ ತಮ್ಮ ವೈದ್ಯರನ್ನು ಒಂದು ಮಾತು ಕೇಳಿ.

ನಾನು ಔಷಧ ಕಂಪನಿಯೊಂದರ ಪ್ರತಿನಿಧಿ. ತಿಂಗಳಲ್ಲಿ ಅರ್ಧದಷ್ಟು ರಾತ್ರಿಗಳು ಬಾಗಲಕೋಟೆ, ವಿಜಯಪುರ, ಕಲಬುರಗಿಯ ಲಾಡ್ಜುಗಳಲ್ಲೇ ಕಳೆಯುತ್ತವೆ. ಊರಲ್ಲಿ ಜಿಮ್ಮಿಗೆ ಕಟ್ಟಿದ ದುಡ್ಡು ದಂಡ. ರಾತ್ರಿ ಓದೋಣವೆಂದರೆ ಮೊಬೈಲು ನೋಡುತ್ತಲೇ ಹನ್ನೊಂದಾಗುತ್ತದೆ. ವಯಸ್ಸು 34, ತೂಕ 70 ಕೆ.ಜಿ. ಏನು ಮಾಡಲಿ?
— ಓದುಗರೊಬ್ಬರು, ಹುಬ್ಬಳ್ಳಿ

ಶಕ್ತಿ ಗಳಿಸುವ ಕೆಲಸ ಊರಲ್ಲಿರುವ ವಾರಗಳಿಗೆ ಇರಲಿ. ಟೂರಿನ ವಾರಗಳಲ್ಲಿ ಗಳಿಸಿದ್ದು ಕೈಬಿಡದಂತೆ ನೋಡಿಕೊಂಡರೆ ಸಾಕು. ಉಳಿಸಿಕೊಳ್ಳುವುದಕ್ಕೆ ಬೇಕಾಗುವ ಶ್ರಮ ಗಳಿಸುವುದಕ್ಕಿಂತ ಎಷ್ಟೋ ಕಮ್ಮಿ: ವಾರಕ್ಕೆ ಒಂದೆರಡು ಸಲ, ಕೊನೆಯ ಎರಡು ಮೂರು ಎಣಿಕೆ ಕಷ್ಟ ಎನಿಸುವಷ್ಟು ಮಾಡಿದರೆ ಸ್ನಾಯುಗಳ ಬಲ ಉಳಿಯುತ್ತದೆ. ಮೊದಲು ಇಳಿಯುವುದು ದಮ್ಮು. ಎರಡು ವಾರ ಪೂರ್ತಿ ಕೈಬಿಟ್ಟರೆ ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತದೆ. ಹಾಗಾಗಿ ಕೋಣೆಯಲ್ಲಿ ವಾರಕ್ಕೆ ಎರಡು ದಿನ 25 ನಿಮಿಷ, ಉಳಿದ ದಿನ ಊಟವಾದ ಮೇಲೆ ಅರ್ಧ ಗಂಟೆ ಬಿರುಸು ನಡಿಗೆ.

ತೂಕಕ್ಕೆ ನಿಮ್ಮ ಬ್ಯಾಗೇ ಇದೆಯಲ್ಲ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ, ಆರು ಬಾಟಲಿ ತುಂಬಿದರೆ ಆರು ಕೆ.ಜಿ., ಮೇಲೆ ನಿಮ್ಮ ಸ್ಯಾಂಪಲ್ಲು, ಫೈಲು. ಬಾಟಲಿಗಳ ನಡುವೆ ಟವೆಲ್ ತುರುಕಿ. ಇಲ್ಲದಿದ್ದರೆ ಎತ್ತುವಾಗ ಭಾರ ಒಂದೇ ಮಗ್ಗುಲಿಗೆ ಜಾರಿ ಸೊಂಟ ತಿರುಚುತ್ತದೆ. ಬ್ಯಾಗನ್ನು ಎದೆಗವಚಿಕೊಂಡು 12 ಬಸ್ಕಿ. ನಂತರ 10ರಿಂದ 15 ದಂಡ. ಪೂರಾ ಆಗದಿದ್ದರೆ ಅಂಗೈಗಳನ್ನು ಮಂಚದ ಮರದ ಚೌಕಟ್ಟಿನ ಮೇಲಿಡಿ, ಹಾಸಿಗೆಯ ಮೇಲೆ ಬೇಡ, ಅದು ಕುಸಿದು ಮಣಿಕಟ್ಟು ಉಳುಕುತ್ತದೆ. ಆಮೇಲೆ ಒಂದು ಕೈಯನ್ನು ಮಂಚಕ್ಕೂರಿ ಸೊಂಟದಿಂದ ಬಾಗಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಪಕ್ಕೆಯವರೆಗೆ ಎಳೆಯುವುದು, ಕೈಗೆ 12ರಂತೆ. ಈ ಮೂರೂ ಸೇರಿ ಒಂದು ಸುತ್ತು. ಒಂದು ನಿಮಿಷ ಸುಧಾರಿಸಿಕೊಂಡು ಇನ್ನೆರಡು ಸುತ್ತು. ಕೊನೆಗೆ ಹಿಂದಕ್ಕೆ ಹೆಜ್ಜೆಯಿಟ್ಟು ಎರಡೂ ಮಂಡಿ ಮಡಚಿ ತಗ್ಗುವ ಲಂಜ್ ಕಾಲಿಗೆ ಹತ್ತು, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್ 40 ಸೆಕೆಂಡ್. ಜಿಗಿಯುವ ವ್ಯಾಯಾಮ ಯಾವುದೂ ಬೇಡ. ಕೆಳಗಿನ ಕೋಣೆಯವರು ರಿಸೆಪ್ಶನ್ನಿಗೆ ಫೋನ್ ಮಾಡುತ್ತಾರೆ. ಲಾಡ್ಜಿನ ಬಕೆಟ್ಟಿಗೆ ನೀರು ತುಂಬಿ ಎತ್ತುವವರೂ ಇದ್ದಾರೆ. ಹತ್ತು ಲೀಟರ್ ದಾಟಿದರೆ ಪ್ಲಾಸ್ಟಿಕ್ ಹಿಡಿ ಕಿವಿಯಿಂದ ಕಳಚಿಕೊಳ್ಳುತ್ತದೆ, ಅದೂ ಒದ್ದೆ ನೆಲದ ಮೇಲೆ.

ಊಟದ ವಿಷಯದಲ್ಲಿ ನೀವು ಅದೃಷ್ಟವಂತರು, ಆ ಕಡೆ ಖಾನಾವಳಿಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಕೆ.ಜಿ.ಗೆ 0.83 ಗ್ರಾಂ ಪ್ರೊಟೀನ್ ಬೇಕು. ನಿಮಗೆ ಅದು 58 ಗ್ರಾಂ. ಭಾರ ಎತ್ತುವವರು 80ರ ಹತ್ತಿರ ಹೋದರೆ ಒಳ್ಳೆಯದು. ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಮೊಸರು, ಎರಡು ಚಮಚ ಶೇಂಗಾ ಚಟ್ನಿಪುಡಿ ಸೇರಿದರೆ ಸುಮಾರು 25 ಗ್ರಾಂ ಆಗುತ್ತದೆ. ಎರಡು ಹೊತ್ತು ಹೀಗೆ ಉಂಡರೆ 50. ಕೊರತೆ ಬೀಳುವುದು ಬೆಳಗಿನ ಉಪ್ಪಿಟ್ಟು, ಸಂಜೆಯ ಮಿರ್ಚಿ-ಚುರುಮುರಿಯಲ್ಲಿ. ಮೊಟ್ಟೆ ತಿನ್ನುವವರಾದರೆ ಬೆಳಗ್ಗೆ ಎರಡು (12 ಗ್ರಾಂ), ಇಲ್ಲವಾದರೆ ಒಂದು ಹಿಡಿ ಹುರಿದ ಶೇಂಗಾ, ಜೊತೆಗೊಂದು ಲೋಟ ಹಾಲು.

ಇನ್ನು ಓದು. ಚಾರ್ಜರನ್ನು ಟಿ.ವಿ. ಪಕ್ಕದ ಪ್ಲಗ್ಗಿಗೆ ಚುಚ್ಚಿ, ದಿಂಬಿನ ಪಕ್ಕದ್ದಕ್ಕೆ ಬೇಡ. ಊಟಕ್ಕೆ ಹೊರಡುವ ಮುಂಚೆಯೇ ಪುಸ್ತಕ ದಿಂಬಿನ ಮೇಲಿರಲಿ. ಬಹಳಷ್ಟು ಲಾಡ್ಜುಗಳಲ್ಲಿ ಎದುರುಗೋಡೆಗೆ ಒಂದೇ ಟ್ಯೂಬ್‌ಲೈಟು, ಮಲಗಿದರೆ ಪುಟದ ಮೇಲೆ ನಿಮ್ಮದೇ ತಲೆಯ ನೆರಳು. ಪುಸ್ತಕಕ್ಕೆ ಸಿಕ್ಕಿಸುವ ಚಿಕ್ಕ ಕ್ಲಿಪ್ ದೀಪ ತೆಗೆದುಕೊಳ್ಳಿ. ಅರ್ಧ ಗಂಟೆಗೆ ಹದಿನೈದು ಪುಟ ಓದುವವರು ಟೂರಿನ ಹದಿನೈದು ರಾತ್ರಿಗಳಲ್ಲಿ 225 ಪುಟ ಮುಗಿಸುತ್ತಾರೆ.

ಬ್ಯಾಂಕ್ ಉದ್ಯೋಗಿ, ವಯಸ್ಸು 41. ಗೆಳತಿಯರ ಜೊತೆ ಡಿಸೆಂಬರಿನಲ್ಲಿ ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತುವುದೆಂದಾಗಿದೆ. ಹತ್ತು ವಾರ ಇದೆ. ದಿನಾ ಅರ್ಧ ಗಂಟೆ ನಡೆಯುವುದು ಬಿಟ್ಟರೆ ಬೇರೆ ವ್ಯಾಯಾಮವಿಲ್ಲ. ತಿಂಗಳಿಗೊಂದು ಪುಸ್ತಕ ಓದಿ ಚರ್ಚಿಸುವ ನಮ್ಮ ಬಳಗವನ್ನೂ ತಪ್ಪಿಸುವ ಮನಸ್ಸಿಲ್ಲ.
— ಓದುಗರೊಬ್ಬರು, ಮೈಸೂರು

ಮೊದಲು ಬೆಟ್ಟದ ಲೆಕ್ಕ. ಶಿಖರ 1,712 ಮೀಟರ್, ಕುಕ್ಕೆ ಸಮುದ್ರಮಟ್ಟದಿಂದ ಸುಮಾರು 120 ಮೀಟರ್. ಎಂದರೆ ಹದಿಮೂರು ಕಿ.ಮೀ. ಆಸುಪಾಸಿನ ದಾರಿಯಲ್ಲಿ ಹೆಚ್ಚುಕಡಿಮೆ 1,600 ಮೀಟರ್ ಮೇಲೇರಬೇಕು, ಅಷ್ಟನ್ನೇ ಇಳಿಯಬೇಕು. ನಿಮ್ಮೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಚಿಲ್ಲರೆ ಮೆಟ್ಟಿಲು. ಒಂದಕ್ಕೆ 18–20 ಸೆಂ.ಮೀ. ಹಿಡಿದರೂ 200 ಮೀಟರಿನಷ್ಟಾಗುತ್ತದೆ. ಚಾಮುಂಡಿಯನ್ನು ಏಳೆಂಟು ಸಲ ಹತ್ತಿಳಿದಂತೆ ಎಂದುಕೊಳ್ಳಿ. ಹೆದರಿಸುವುದಕ್ಕಲ್ಲ, ದಿನಾ ಅರ್ಧ ಗಂಟೆಯ ಸಮತಟ್ಟು ನಡಿಗೆ ಏಕೆ ಸಾಲದು ಎಂಬುದಕ್ಕೆ ಈ ಲೆಕ್ಕ.

ಭಾನುವಾರ ಬೆಟ್ಟದ ದಿನವಾಗಲಿ. ಮೊದಲ ಮೂರು ವಾರ ಬೆನ್ನ ಮೇಲೆ ಏನೂ ಇಲ್ಲದೆ ಒಂದು ಸುತ್ತು. ನಾಲ್ಕು, ಐದನೇ ವಾರ ಎರಡು ಸುತ್ತು, ಚೀಲವಿಲ್ಲ. ಆರನೇ ವಾರ ಅದೇ ಎರಡು ಸುತ್ತು, ಮೂರು ಕೆ.ಜಿ. ಚೀಲ. ಏಳನೇ ವಾರ ಬರೀ ಒಂದು ಸುತ್ತು, ದೇಹಕ್ಕೆ ಬಿಡುವು. ಎಂಟನೇ ವಾರ ಮೂರು ಸುತ್ತು, ಮೂರು ಕೆ.ಜಿ. ಒಂಬತ್ತನೇ ವಾರ ಮೂರು ಸುತ್ತು, ಐದು ಕೆ.ಜಿ. ಹತ್ತನೇ ವಾರದಲ್ಲಿ ನಡಿಗೆ ಬಿಟ್ಟು ಬೇರೇನೂ ಬೇಡ. ಕೊನೇ ಗಳಿಗೆಯಲ್ಲಿ ಮಾಡಿದ್ದು ದಣಿವಾಗಿ ಬೆಟ್ಟಕ್ಕೆ ಬರುತ್ತದೆಯೇ ಹೊರತು ಬಲವಾಗಿ ಅಲ್ಲ. ಒಂದು ವಾರ ಸುತ್ತು ಹೆಚ್ಚಿಸಿದರೆ ಭಾರ ಹೆಚ್ಚಿಸಬೇಡಿ, ಭಾರ ಹೆಚ್ಚಿಸಿದರೆ ಸುತ್ತು ಹೆಚ್ಚಿಸಬೇಡಿ. ಹತ್ತುವಾಗ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿರಬೇಕು. ಮಾತು ತುಂಡಾದರೆ ನಿಧಾನಿಸಿ.

ಚಾಮುಂಡಿ ಹತ್ತುವವರಲ್ಲಿ ಅನೇಕರು ಇಳಿಯುವಾಗ ಬಸ್ಸು ಹಿಡಿಯುತ್ತಾರೆ. ಟ್ರೆಕ್ಕಿಗೆ ತಯಾರಾಗುವವರು ಮಾಡಬಾರದ್ದು ಇದೇ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಇಡೀ ಮೈಭಾರವನ್ನು ತಡೆಯುತ್ತಾ ಹಿಗ್ಗುತ್ತದೆ. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಹಿಗ್ಗುವಾಗ. ಮಾರನೇ ದಿನ, ಅದರ ಮಾರನೇ ದಿನ ಕಮೋಡಿನ ಮೇಲೆ ಕೂರಲೂ ಆಗದಂತೆ ತೊಡೆ ಹಿಡಿದುಕೊಳ್ಳುವುದು ಇದರಿಂದಲೇ. ಒಳ್ಳೆಯ ಸುದ್ದಿಯೆಂದರೆ, ಕೆಲವು ವಾರ ಇಳಿದು ಅಭ್ಯಾಸವಾದರೆ ಅದೇ ಸ್ನಾಯು ಅಷ್ಟು ನೋಯುವುದಿಲ್ಲ. ಚೀಲದ ಭಾರಕ್ಕೆ ನೀರಿನ ಬಾಟಲಿಗಳನ್ನೇ ಬಳಸಿ. ಮೊದಲ ಸಲ ಭಾರ ಹೊತ್ತ ವಾರ ಮೇಲೆ ಹೋಗಿ ನೀರು ಚೆಲ್ಲಿ ಖಾಲಿ ಚೀಲದಲ್ಲಿ ಇಳಿಯಿರಿ, ಮಂಡಿಗೆ ಹಿತ. ಎಂಟು, ಒಂಬತ್ತನೇ ವಾರಗಳಲ್ಲಿ ಹೊತ್ತೇ ಇಳಿಯಿರಿ.

ಮಂಗಳವಾರ ಮನೆಯಲ್ಲಿ ಅರ್ಧ ಗಂಟೆ. 20 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಒಂದು, ಎರಡು, ಮೂರು ಎಣಿಸುತ್ತಾ ನೆಲಕ್ಕೆ ಮುಟ್ಟಿಸಿ ಮೇಲೆ ಬನ್ನಿ. ಕಾಲಿಗೆ ಎಂಟರಂತೆ ಮೂರು ಸಲ. ಕನ್ನಡಿಯ ಮುಂದೆ ಮಾಡಿ: ಭಾರ ಹೊತ್ತ ಮಂಡಿ ಒಳಕ್ಕೆ ವಾಲಿ ಹೆಬ್ಬೆರಳಿನ ಆಚೆ ಹೋಗುತ್ತಿದ್ದರೆ ಎತ್ತರ ಕಡಿಮೆ ಮಾಡಿ. ಇಳಿಜಾರಿನಲ್ಲಿ ಮಂಡಿಚಿಪ್ಪಿನ ಸುತ್ತ ನೋವು ಬರುವುದು ಸಾಮಾನ್ಯವಾಗಿ ಹೀಗೆ ವಾಲುವವರಿಗೆ. ಜೊತೆಗೆ ಒಂಟಿಕಾಲಲ್ಲಿ ತುದಿಗಾಲಿಗೇರುವುದು 15ರಂತೆ ಮೂರು ಸಲ, ಮೀನಖಂಡಕ್ಕೆ. ಗುರುವಾರ 40 ನಿಮಿಷ ಬಿರುಸು ನಡಿಗೆ. ಉಳಿದ ದಿನ ನಿಮ್ಮ ಮಾಮೂಲಿ ಅರ್ಧ ಗಂಟೆ.

ಈಗ ಬಳಗದ ಪುಸ್ತಕ. ಹತ್ತು ವಾರ ಬೆಟ್ಟ ಮುಂದಿರಲಿ, ಓದು ಹಿಂದಿನ ಸೀಟಿನಲ್ಲಿ ಕೂರಲಿ, ಆದರೆ ಇಳಿದು ಹೋಗದಿರಲಿ. 240 ಪುಟದ ಪುಸ್ತಕ, ಪುಟಕ್ಕೆ ಎರಡು ನಿಮಿಷ ಎಂದರೆ ಎಂಟು ಗಂಟೆ. ನಾಲ್ಕು ವಾರಕ್ಕೆ ಹಂಚಿದರೆ ವಾರಕ್ಕೆ ಎರಡು ಗಂಟೆ. ಬುಧವಾರ, ಶುಕ್ರವಾರ ಅರ್ಧರ್ಧ ಗಂಟೆ. ಭಾನುವಾರ ಬೆಟ್ಟ ಇಳಿದು, ಸ್ನಾನ ಊಟ ಮುಗಿಸಿ, ಕಾಲನ್ನು ದಿಂಬಿನ ಮೇಲೆ ಚಾಚಿ ಒಂದು ಗಂಟೆ. ಹತ್ತು ನಿಮಿಷದಲ್ಲೇ ನಿದ್ದೆ ಎಳೆಯುತ್ತದೆ. ಮಲಗಿ ಎದ್ದು ಓದಿ. ಬಳಗದವರನ್ನು ಕೇಳಿ ಈ ಅವಧಿಗೆ ದಪ್ಪ ಕಾದಂಬರಿಯ ಬದಲು ಕಥಾಸಂಕಲನ ಇಟ್ಟುಕೊಳ್ಳಿ. ಒಂದು ವಾರ ತಪ್ಪಿದರೂ ಕಥೆಯ ಎಳೆ ಕೈತಪ್ಪುವುದಿಲ್ಲ. ಗುರುವಾರದ ನಡಿಗೆಯಲ್ಲಿ ಆಡಿಯೋ ಪುಸ್ತಕ ಕೇಳಬಹುದು, ಒಂದು ಕಿವಿ ರಸ್ತೆಗೆ ಬಿಟ್ಟುಕೊಂಡು. ಬೆಟ್ಟದ ಮೆಟ್ಟಿಲ ಮೇಲೆ ಬೇಡ.

ಹೊರಡುವ ಮುನ್ನ ಇನ್ನಷ್ಟು. ಪುಷ್ಪಗಿರಿ ವನ್ಯಜೀವಿಧಾಮದ ದಾರಿಯಿದು, ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಅನುಮತಿ ಪಡೆಯಬೇಕು. ದಿನಕ್ಕೆ ಬಿಡುವ ಜನರಿಗೆ ಮಿತಿಯಿದೆ. ದಿನಾಂಕ ಸಿಕ್ಕ ಮೇಲೆ ರಜೆ ಹಾಕಿ, ರಜೆ ಹಾಕಿದ ಮೇಲೆ ದಿನಾಂಕ ಹುಡುಕಬೇಡಿ. ಬೂಟು ಅರ್ಧ ಸೈಜ್ ದೊಡ್ಡದಿರಲಿ, ಕಾಲುಗುರನ್ನು ಎರಡು ದಿನ ಮುಂಚೆ ಕತ್ತರಿಸಿ. ಇಳಿಯುವಾಗ ಹೆಬ್ಬೆರಳು ಮುಂತುದಿಗೆ ಬಡಿದೂ ಬಡಿದೂ ಉಗುರು ಕಪ್ಪಾಗುವುದು ಹೀಗೆ ತಪ್ಪುತ್ತದೆ. ಲೇಸನ್ನು ಮೇಲ್ತುದಿಯ ಕೊನೇ ತೂತಿಗೂ ಪೋಣಿಸಿ ಬಿಗಿದರೆ ಪಾದ ಮುಂದಕ್ಕೆ ಜಾರುವುದಿಲ್ಲ. ದಾರಿ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆವರೆಗೆ ಕಾಡಿನ ನೆರಳು, ಅಲ್ಲಿಂದಾಚೆ ಬಯಲು ಹುಲ್ಲುಗಾವಲು, ಬಿಸಿಲೇ ಬಿಸಿಲು. ತಲಾ ಮೂರು ಲೀಟರ್ ನೀರು, ಓ.ಆರ್.ಎಸ್. ಪೊಟ್ಟಣ ಎರಡು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಾಡಿನ ತೇವದಲ್ಲಿ ಇಂಬಳ ಹತ್ತಿದರೆ ಕಿತ್ತೆಳೆಯಬೇಡಿ. ಸಪೂರ ತುದಿಯ ಬಳಿ ಉಗುರು ಸೇರಿಸಿ ಪಕ್ಕಕ್ಕೆ ಜಾರಿಸಿ. ಎಷ್ಟು ಹೊತ್ತಿಗೆ ಎಲ್ಲೇ ಇದ್ದರೂ ವಾಪಸು ತಿರುಗುವುದೆಂದು ಕೆಳಗಿನಿಂದ ಹೊರಡುವಾಗಲೇ ಗೊತ್ತುಮಾಡಿಕೊಳ್ಳಿ. ಇಳಿಯಲು ಹತ್ತಿದಷ್ಟೇ ಹೊತ್ತು ಹಿಡಿಯಬಹುದು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಾಡೊಳಗೆ ಅದಕ್ಕೂ ಮುಂಚೆಯೇ ಕತ್ತಲು.

ವರ್ಷಕ್ಕೆ 50 ಪುಸ್ತಕ, ದಿನಕ್ಕೆ 10,000 ಹೆಜ್ಜೆ, ತಿಂಗಳಿಗೊಂದು ಹೊಸ ಊರು: ಈ ಗುರಿ ಸಾಧ್ಯವೇ? ಪದವಿ ವಿದ್ಯಾರ್ಥಿ ನಾನು.
— ಓದುಗರೊಬ್ಬರು, ಬಳ್ಳಾರಿ

ಸಾಧ್ಯ. ಆದರೆ 50ರ ಗುರಿ ಇಟ್ಟುಕೊಂಡವರು ನವೆಂಬರಿನಲ್ಲಿ 80 ಪುಟದ ಪುಸ್ತಕಗಳನ್ನೇ ಹುಡುಕಿ ಓದುತ್ತಾರೆ. ಪುಸ್ತಕ ಎಣಿಸುವ ಬದಲು ದಿನಕ್ಕೆ 40 ನಿಮಿಷ ಎಂದಿಟ್ಟುಕೊಳ್ಳಿ, ದಪ್ಪ ಪುಸ್ತಕಕ್ಕೆ ಹೆದರಬೇಕಾಗುವುದಿಲ್ಲ. ಹೆಜ್ಜೆಯ ಕಥೆಯೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೆಜ್ಜೆ ಎಣಿಸುವುದಿಲ್ಲ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಎರಡು ದಿನ ಸ್ನಾಯುಬಲದ ವ್ಯಾಯಾಮ ಎನ್ನುತ್ತದೆ. ಮೊಬೈಲ್ ಹಿಡಿದು ಮನೆಯೊಳಗೆ ತೆವಳಿದ ಹತ್ತು ಸಾವಿರ ಹೆಜ್ಜೆಗಿಂತ ಬೆವರಿಳಿಸಿದ ಮೂರು ಸಾವಿರ ಮೇಲು. ಹೊಸ ಊರಿಗೆ ದುಡ್ಡಿಲ್ಲದ ತಿಂಗಳು ಆನೆಗೊಂದಿಯ ಅಂಜನಾದ್ರಿಗೆ ಹೋಗಿ ಬನ್ನಿ. ಸುಮಾರು 575 ಮೆಟ್ಟಿಲು, ವ್ಯಾಯಾಮವೂ ಆಯಿತು.

ಆಫೀಸಿಗೆ ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ಗಂಟೆ. ಕ್ಯಾಬಿನಲ್ಲಿ ಪುಸ್ತಕ ತೆರೆದರೆ ಐದು ನಿಮಿಷಕ್ಕೆ ಹೊಟ್ಟೆ ತೊಳಸುತ್ತದೆ. ಮೆಟ್ರೋದಲ್ಲಿ ಅಷ್ಟಾಗಿ ಆಗುವುದಿಲ್ಲ. ಯಾಕೆ?
— ಓದುಗರೊಬ್ಬರು, ಬೆಂಗಳೂರು

ಕಣ್ಣು ನಿಂತ ಪುಟವನ್ನು ನೋಡುತ್ತಿರುತ್ತದೆ, ಒಳಕಿವಿ ಮಾತ್ರ ಬ್ರೇಕು, ತಿರುವು, ಹಂಪುಗಳನ್ನೆಲ್ಲ ಮಿದುಳಿಗೆ ವರದಿ ಮಾಡುತ್ತಿರುತ್ತದೆ. ಎರಡು ಸುದ್ದಿ ತಾಳೆಯಾಗದೆ ವಾಕರಿಕೆ ಬರುತ್ತದೆ. ಮೆಟ್ರೋ ಹಳಿಯ ಮೇಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಹಂಪಿಲ್ಲ, ಹಠಾತ್ ಬ್ರೇಕಿಲ್ಲ. ಓದುವವರಿಗೆ ಬೆಂಗಳೂರಿನಲ್ಲಿ ಅದಕ್ಕಿಂತ ಒಳ್ಳೆಯ ವಾಹನ ಇಲ್ಲ, ಸೀಟು ಸಿಗುವ ಹೊತ್ತಿನಲ್ಲಿ ಎಂಬ ಷರತ್ತಿನ ಮೇಲೆ. ಬೋಗಿಯ ಉದ್ದಕ್ಕೂ ಬೆನ್ನು ಗೋಡೆಗೆ ಕೊಟ್ಟು ಪಕ್ಕಕ್ಕೆ ಮುಖ ಮಾಡಿ ಕೂರಬೇಕು, ಅದು ಕೆಲವರಿಗೆ ಹಿಡಿಸುವುದಿಲ್ಲ. ಪುಸ್ತಕವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದರೆ ತಲೆ ಬಗ್ಗುವುದೂ ತೊಳಸುವುದೂ ತಗ್ಗುತ್ತದೆ.

ಕ್ಯಾಬಿನಲ್ಲಿ ಓದುವ ಹಟ ಬಿಡಿ, ಕೇಳಿ. ಕನ್ನಡದಲ್ಲಿ ಈಗ ‘ಮೈಲ್ಯಾಂಗ್’ನಂಥ ಆ್ಯಪ್‌ಗಳಲ್ಲಿ ಆಡಿಯೋ ಪುಸ್ತಕ ಸಿಗುತ್ತವೆ. ಬಸ್ಸಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು. ಹಿಂದಿನ ಸಾಲು ಎತ್ತಿ ಎತ್ತಿ ಹಾಕುತ್ತದೆ. ಸಂಜೆ ದಾರಿ ಹೇಗಿದ್ದರೂ ಆಮೆ ನಡಿಗೆಯಾದರೆ ಎರಡು ನಿಲ್ದಾಣ ಮುಂಚೆ ಇಳಿದು ನಡೆಯಿರಿ. ಅಂದಿನ ವ್ಯಾಯಾಮದ ಅರ್ಧ ಅಲ್ಲೇ ಮುಗಿಯುತ್ತದೆ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿ ಹಿಡಿಯಿರಿ, ಎದುರಿನ ಗಾಡಿ ಕಣ್ಣಿಗೆ ಬೀಳುತ್ತದೆ.

ಗಲ್ಫಿನಲ್ಲಿ ಕೆಲಸ. ಊರಿಗೆ ಬಂದಾಗಲೆಲ್ಲ ಕನ್ನಡ ಪುಸ್ತಕ ಕೊಂಡು ಲಗೇಜ್ ಮೀರುತ್ತದೆ. ಪಿ.ಡಿ.ಎಫ್. ಓದಲು ಹೋದರೆ ಅಕ್ಷರ ಇರುವೆಯಷ್ಟಾಗುತ್ತದೆ.
— ಓದುಗರೊಬ್ಬರು, ಮಸ್ಕತ್

ನಮ್ಮ ಪುಸ್ತಕಗಳು ಹೆಚ್ಚಿನವು ಡೆಮಿ 1/8 ಆಕಾರ, ಎಂದರೆ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಉದ್ದದ ಪುಟ. ಆ ಪುಟವನ್ನು ಇದ್ದ ಹಾಗೇ ಆರಂಗುಲದ ಪರದೆಗೆ ತುರುಕಿದರೆ ಅಕ್ಷರ ಕುಗ್ಗದೆ ಇನ್ನೇನು? ಪಿ.ಡಿ.ಎಫ್. ಪುಟದ ಚಿತ್ರವಿದ್ದಂತೆ, ಅಕ್ಷರ ಹಿಗ್ಗಿಸಿದರೆ ಸಾಲು ಹೊರಗೆ ಓಡುತ್ತದೆ. ಈಪಬ್ ರೂಪದ್ದು ಕೊಳ್ಳಿ, ಅದರಲ್ಲಿ ಸಾಲುಗಳು ಪರದೆಗೆ ತಕ್ಕಂತೆ ಮುರಿದುಕೊಳ್ಳುತ್ತವೆ. ಸ್ಕ್ಯಾನ್ ಪ್ರತಿ ಮಾತ್ರ ಇದ್ದರೆ ಅಂಚಿನ ಬಿಳಿಭಾಗ ಕತ್ತರಿಸಿ, ಪರದೆಯನ್ನು ಅಡ್ಡಕ್ಕೆ ತಿರುಗಿಸಿ ಅರ್ಧರ್ಧ ಪುಟ ಓದಿ, ಇಲ್ಲವೇ ಹತ್ತಂಗುಲದ ಟ್ಯಾಬ್ ಬಳಸಿ. ಮತ್ತೆ ಮತ್ತೆ ತಿರುವಿ ನೋಡುವ ಕಾವ್ಯ, ನಿಘಂಟು ಕಾಗದದಲ್ಲೇ ಹೊತ್ತೊಯ್ಯಿರಿ, ಒಮ್ಮೆ ಓದಿ ಇಡುವುದನ್ನು ಪರದೆಗೆ ಬಿಡಿ. ಬೇಸಿಗೆಯಲ್ಲಿ ಹೊರಗೆ ನಡೆಯಲಾಗದು ಎಂದೂ ಬರೆದಿದ್ದೀರಿ: ಟ್ರೆಡ್‌ಮಿಲ್ಲನ್ನು ಶೇ. 10 ಏರಿಗಿಟ್ಟು ಗಂಟೆಗೆ 4 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆ 200 ಮೀಟರ್ ಬೆಟ್ಟ ಹತ್ತಿದಂತೆ. ಮುಂದಿನ ಹಿಡಿಯನ್ನು ಮಾತ್ರ ಹಿಡಿದು ಜೋತುಬೀಳಬಾರದು. ಹಿಡಿದರೆ ಮೈಭಾರ ಕೈಗೆ ಹೋಗಿ, ಏರು ಇದ್ದೂ ಇಲ್ಲದಂತಾಗುತ್ತದೆ.

ನಿವೃತ್ತ ಶಿಕ್ಷಕಿ, 66 ವರ್ಷ. ದಿನಕ್ಕೆ ನಾಲ್ಕೈದು ಗಂಟೆ ಓದುತ್ತೇನೆ, ಕುತ್ತಿಗೆ ಹಿಡಿಯುತ್ತದೆ. ಎರಡು ತಿಂಗಳಲ್ಲಿ ಕಾಶಿಗೆ ರೈಲಿನಲ್ಲಿ ಹೊರಟಿದ್ದೇವೆ. ಘಾಟುಗಳ ಮೆಟ್ಟಿಲಿನ ಚಿಂತೆ. ಬಿ.ಪಿ. ಮಾತ್ರೆಯಲ್ಲಿ ಹತೋಟಿಯಲ್ಲಿದೆ.
— ಓದುಗರೊಬ್ಬರು, ಶಿವಮೊಗ್ಗ

ಕುತ್ತಿಗೆಯ ಮದ್ದು ನಿಮ್ಮ ದೇವರಕೋಣೆಯಲ್ಲೇ ಇರಬಹುದು ಮೇಡಂ. ವ್ಯಾಸಪೀಠವನ್ನು ನೆಲದ ಬದಲು ಮೇಜಿನ ಮೇಲಿಟ್ಟು ಓದಿ. ಪುಟದ ಮೇಲಂಚು ಗಲ್ಲದ ಮಟ್ಟಕ್ಕೆ ಬರಬೇಕು. ಸಾಲದಿದ್ದರೆ ಕೆಳಗೆ ಎರಡು ದಪ್ಪ ಪುಸ್ತಕ ಒಟ್ಟಿ. ಅರ್ಧ ಗಂಟೆಗೊಮ್ಮೆ ಎದ್ದು ಮನೆಯೊಳಗೆ ಎರಡು ನಿಮಿಷ ಓಡಾಡಿ. ಎಷ್ಟು ಗಂಟೆ ಓದಿದರೂ ತೊಂದರೆಯಿಲ್ಲ, ಕದಲದೆ ಕೂರುವುದೇ ತೊಂದರೆ.

ಘಾಟಿಗೆ ತಯಾರಿ ಕುರ್ಚಿಯಿಂದ ಶುರುವಾಗಲಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಗಟ್ಟಿ ಮರದ್ದನ್ನು ಗೋಡೆಗೆ ಒತ್ತಿ ಇಡಿ. ಕೈ ಊರದೆ ಎದ್ದು, ಮೂರು ಎಣಿಸುತ್ತಾ ಕೂರುವುದು ಎಂಟು ಸಲ. ಸುಧಾರಿಸಿಕೊಂಡು ಇನ್ನೊಮ್ಮೆ ಎಂಟು. ವಾರಕ್ಕೆ ಮೂರು ದಿನ. ಉಸಿರು ಬಿಗಿಹಿಡಿಯಬೇಡಿ, ಬಿ.ಪಿ. ಏರುತ್ತದೆ, ಏಳುವಾಗ ಉಸಿರು ಬಿಡಿ. ಎರಡು ವಾರಕ್ಕೊಮ್ಮೆ ಎರಡೆರಡು ಹೆಚ್ಚಿಸಿ 12ಕ್ಕೆ ತನ್ನಿ, ಆಮೇಲೆ ಮೂರು ಸಲ ಮಾಡಿ. ನಾಲ್ಕನೇ ವಾರದಿಂದ ಕಂಬಿ ಹಿಡಿದು ಮನೆಯ ಮೆಟ್ಟಿಲು ಹತ್ತಿಳಿಯುವುದು ಹತ್ತು ನಿಮಿಷ. ಮಂಡಿ ಊದಿದರೆ, ರಾತ್ರಿ ನೋವಿಗೆ ಎಚ್ಚರವಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ರೈಲಿನಲ್ಲಿ ಎಚ್ಚರವಿದ್ದಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ 20 ಸಲ ಆಡಿಸಿ. ನಾಲ್ಕು ಗಂಟೆ ದಾಟಿದ ಪ್ರಯಾಣದಲ್ಲಿ ಕಾಲಲ್ಲಿ ರಕ್ತ ನಿಂತು ಹೆಪ್ಪುಗಟ್ಟುವ ಅಪಾಯ ಹೆಚ್ಚು. ಬೋಗಿಯೊಳಗೆ ಓಡಾಡುವುದಾದರೆ ರೈಲು ನಿಂತಾಗ. ಶೌಚಾಲಯಕ್ಕೆ ಏಳಬೇಕಲ್ಲ ಎಂದು ನೀರು ಕುಡಿಯುವುದನ್ನು ಬಿಡಬೇಡಿ. ಕೆಳಗಿನ ಬರ್ತೇ ಕೇಳಿ. ಮಾತ್ರೆ ಕೈಚೀಲದಲ್ಲಿರಲಿ, ಸೀಟಿನಡಿಯ ಸೂಟ್‌ಕೇಸಿನಲ್ಲಲ್ಲ.

ನಿಮ್ಮದು ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕವೇ? ಹಾಗಾದರೆ ಕೆಳಗಿನ ಓದುವ ಭಾಗದಿಂದ ನೋಡಿದಾಗ ಮೆಟ್ಟಿಲ ಅಂಚು ಮಸುಕಾಗಿ ಕಾಣುತ್ತದೆ, ಇಳಿಯುವಾಗ ಹೆಜ್ಜೆ ತಪ್ಪುವುದು ಅಲ್ಲೇ. ದೂರದೃಷ್ಟಿಯದೇ ಬೇರೊಂದು ಕನ್ನಡಕ ಮಾಡಿಸಿಕೊಂಡರೆ ಘಾಟಿಗೆ ಅದನ್ನೇ ಹಾಕಿಕೊಳ್ಳಿ. ಇಲ್ಲದಿದ್ದರೆ ಕಣ್ಣನ್ನಷ್ಟೇ ಕೆಳಗಿಳಿಸದೆ ಗಲ್ಲವನ್ನೇ ಎದೆಯ ಕಡೆ ತಗ್ಗಿಸಿ ಮೇಲ್ಭಾಗದಿಂದ ನೋಡಿ. ನೀರಿನ ಹತ್ತಿರದ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ, ಅಲ್ಲಿ ಯಾರದಾದರೂ ಕೈ ಹಿಡಿದೇ ಇಳಿಯಿರಿ.